ಟ್ಯಾಕ್ಸ್ 40, ಸೈನ್ಸ್ 60: ಮಣೂಕ ಶೆಡ್ಡಿನಲ್ಲಿ ಆಡಿದ ಫ್ರೀಸಿವ್

ನಮ್ಮ ದ್ರಾಕ್ಷಿ ಪಡ (ತೋಟ) ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ಫೆಬ್ರವರಿ, ಮಾರ್ಚ್ ಬಂತೆಂದರೆ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಶೆಡ್ಡಿನಲ್ಲಿ ರಾತ್ರಿ ಒಬ್ಬರಾದರೂ ಇರಬೇಕು. ಥಾಮ್ಸನ್ ದ್ರಾಕ್ಷಿ ಕಡಿದು, ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಜಾಳಿಗೆಯ ಮೇಲೆ ಹರವಿರುತ್ತೇವೆ. ಒಣಗಲು 15ರಿಂದ 20 ದಿನ ಬೇಕು. ಅಷ್ಟರಲ್ಲಿ ಮೋಡ ಕವಿದರೆ ಪಕ್ಕದ ಪರದೆ ಇಳಿಸಬೇಕು. ಮನೆಯ ಲೆಕ್ಕದ ವಹಿ ನೋಡಿಕೊಳ್ಳುವವಳು ನಾನೇ. ಹಾಗಾಗಿ ಹೋದ ವರ್ಷ ಅಪ್ಪನ ಜೊತೆ ರಾತ್ರಿ ಕಾವಲಿಗೂ ನಾನೇ ಕೂತೆ. ಕೂಲಿ, ಎಣ್ಣೆ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಬರೆದು ಮುಗಿಸಿದ ಮೇಲೂ ರಾತ್ರಿ ಬಹಳ ಉಳಿದಿರುತ್ತಿತ್ತು.

ಆಗ ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುವ ತಮ್ಮ ನನ್ನ ಹಳೆಯ ಲ್ಯಾಪ್‌ಟಾಪಿಗೆ ಒಂದು ಆಟ ಹಾಕಿಕೊಟ್ಟ. ಹೆಸರು ಫ್ರೀಸಿವ್. ‘ಅಕ್ಕಾ, ಇದು ನಿನಗ ಹೇಳಿ ಮಾಡಿಸಿದಂಗ ಐತಿ. ಬರೀ ಲೆಕ್ಕಾನ ಲೆಕ್ಕ’ ಅಂದ. ಅವನ ಮಾತು ನಿಜವಾಯಿತು. ಒಂದು ವರ್ಷದಿಂದ ಆಡುತ್ತಿದ್ದೇನೆ. ಆಟದ ಬಗ್ಗೆ ಬರೆಯುವವರು ಜಾಸ್ತಿ ಯುದ್ಧದ ಬಗ್ಗೆಯೇ ಬರೆಯುತ್ತಾರೆ. ನನಗೆ ಹೇಳಬೇಕಾಗಿರುವುದು ಅದರ ರೊಕ್ಕದ ಬಗ್ಗೆ.

ಮೊದಲು ಆಟದ ಪರಿಚಯ. 1991ರಲ್ಲಿ ಬಂದ ಸಿವಿಲೈಸೇಷನ್ ಅನ್ನುವ ಆಟದಿಂದ ಸ್ಫೂರ್ತಿ ಪಡೆದು, 1995ರ ಕೊನೆಗೆ ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಇದನ್ನು ಬರೆಯಲು ಶುರುಮಾಡಿದರು. 1996ರ ಜನವರಿಗೆ ಮೊದಲ ಆವೃತ್ತಿ ಬಂತು. ಆಮೇಲೆ ಬೇರೆ ಬೇರೆ ದೇಶದವರು ಸೇರಿಕೊಂಡು ಬೆಳೆಸಿದ್ದಾರೆ. ನಾನು ಆಡುವ 3.0 ಸಾಲಿನದು 2022ರಲ್ಲಿ ಬಂದದ್ದು. ಪೂರ್ತಿ ಉಚಿತ, ಜಾಹೀರಾತು ಇಲ್ಲ. ನನ್ನದು 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್, ಅದರಲ್ಲೂ ಸಲೀಸಾಗಿ ಓಡುತ್ತದೆ. ಆಟ ತಾನಾಗಿಯೇ ಸೇವ್ ಆಗುತ್ತಿರುತ್ತದೆ. ನಮ್ಮ ಕಡೆ ಕರೆಂಟು ನಂಬಿ ಕೂರುವ ಹಾಗಿಲ್ಲ, ಲ್ಯಾಪ್‌ಟಾಪಿನ ಬ್ಯಾಟರಿಯೂ ಮುದಿಯಾಗಿದೆ. ಹಾಗಾಗಿ ಇದು ನನಗೆ ದೊಡ್ಡ ಅನುಕೂಲ.

ಆಟ ಟರ್ನ್ ಲೆಕ್ಕದ್ದು. ನೀವು ನಿಮ್ಮ ಕೆಲಸ ಮುಗಿಸಿ ಬಟನ್ ಒತ್ತುವ ತನಕ ಏನೂ ಮುಂದೆ ಹೋಗುವುದಿಲ್ಲ. ಎದ್ದು ಹೋಗಿ ಪರದೆ ಇಳಿಸಿ, ಚಹಾ ಕುಡಿದು ಬಂದರೂ ಕಾಯುತ್ತಾ ಕೂತಿರುತ್ತದೆ. ಕಾಡು, ಹೊಲ, ದಂಡೆ ನೋಡಿಕೊಂಡು ಊರು ಕಟ್ಟುವುದು, ಹೊಸ ವಿದ್ಯೆ ಕಲಿಯುವುದು, ನೆರೆಯವರ ಜೊತೆ ಕಾದಾಡುವುದೋ ಹೊಂದಿಕೊಳ್ಳುವುದೋ ಮಾಡುವುದು. ಊರಿನ ಹೆಸರು ನಾವೇ ಇಡಬಹುದು. ನನ್ನ ರಾಜಧಾನಿ ತಿಕೋಟಾ. ಆಮೇಲೆ ಬಬಲೇಶ್ವರ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ. ಸಮುದ್ರದ ದಂಡೆಯ ಮೇಲಿನ ಊರಿಗೆ ಇಂಡಿ ಅಂತ ಹೆಸರಿಟ್ಟೆ.

ಈಗ ರೊಕ್ಕದ ವಿಷಯಕ್ಕೆ ಬರುತ್ತೇನೆ. ಪ್ರತಿ ಊರಿನಲ್ಲೂ ವ್ಯಾಪಾರ ಹುಟ್ಟುತ್ತದೆ. ಆ ವ್ಯಾಪಾರವನ್ನು ಮೂರು ಪಾಲು ಮಾಡಬೇಕು. ಒಂದು ಪಾಲು ಟ್ಯಾಕ್ಸ್, ಅದು ಖಜಾನೆಗೆ ಗೋಲ್ಡ್ ಆಗಿ ಬರುತ್ತದೆ. ಒಂದು ಪಾಲು ಲಕ್ಷುರಿ, ಅದು ಜನ ಖುಷಿಯಾಗಿರಲು. ಇನ್ನೊಂದು ಸೈನ್ಸ್, ಅದನ್ನು ಬಲ್ಬ್ ಲೆಕ್ಕದಲ್ಲಿ ಎಣಿಸುತ್ತಾರೆ. ಬಲ್ಬ್ ಸಾಕಷ್ಟು ಸೇರಿದಾಗ ಹೊಸ ವಿದ್ಯೆ ಸಿಗುತ್ತದೆ. ಪಾಲು ಬದಲಿಸುವುದು 10 ಪರ್ಸೆಂಟ್ ಲೆಕ್ಕದಲ್ಲಿ. ಲ್ಯಾಪ್‌ಟಾಪಿನ ಪರದೆಯ ಎಡಗಡೆ 10 ಪುಟ್ಟ ಚಿತ್ರಗಳು ಸಾಲಾಗಿ ಇರುತ್ತವೆ. ಯಾವುದಕ್ಕೆ ಎಷ್ಟು ಪಾಲು ಅನ್ನುವುದು ಅದನ್ನು ನೋಡಿದರೇ ಗೊತ್ತಾಗುತ್ತದೆ. ಪ್ರತಿ ಟರ್ನ್ ಬೇಕಾದರೂ ಬದಲಿಸಬಹುದು, ಅದಕ್ಕೆ ಖರ್ಚಿಲ್ಲ.

ಆದರೆ ಎಲ್ಲವನ್ನೂ ಒಂದೇ ಕಡೆ ಸುರಿಯಲು ಬಿಡುವುದಿಲ್ಲ. ನಾನು ಆಡುವ ಕ್ಲಾಸಿಕ್ ನಿಯಮದಲ್ಲಿ ಶುರುವಿಗೆ ಸಿಗುವ ಡೆಸ್ಪಾಟಿಸಂ (ನಿರಂಕುಶ) ಆಡಳಿತದಲ್ಲಿ ಯಾವುದೇ ಪಾಲು 60 ದಾಟುವಂತಿಲ್ಲ. ಮೊನಾರ್ಕಿ ಅಂದರೆ ರಾಜನ ಆಳ್ವಿಕೆಗೆ ಬಂದರೆ 70, ರಿಪಬ್ಲಿಕ್ ಆದರೆ 80, ಡೆಮಾಕ್ರಸಿ ಆದರೆ 90. ಖರ್ಚಿನ ಕಡೆ ನೋಡಿದರೆ ಟೆಂಪಲ್, ಬ್ಯಾರಕ್ಸ್ (ಸೈನಿಕರ ವಸತಿ) ಮುಂತಾದ ಕಟ್ಟಡಗಳಿಗೆ ಪ್ರತಿ ಟರ್ನ್ ನಿರ್ವಹಣೆಯ ಗೋಲ್ಡ್ ಕೊಡಬೇಕು. ನನ್ನ ಮೊದಲ ಆಟದಲ್ಲಿ ಎಲ್ಲಾ ಊರು ಸೇರಿ ಸುಮಾರು 40 ವ್ಯಾಪಾರ ಇತ್ತು. ಸೈನ್ಸ್ 60 ಇಟ್ಟರೆ 24 ಬಲ್ಬ್, ಟ್ಯಾಕ್ಸ್ 40ಕ್ಕೆ 16 ಗೋಲ್ಡ್. ನಿರ್ವಹಣೆ 13. ಟರ್ನಿಗೆ 3 ಗೋಲ್ಡ್ ಉಳಿಯುತ್ತಿತ್ತು. ಮೊನಾರ್ಕಿಗೆ ಹೋದ ಮೇಲೆ ಸೈನ್ಸ್ 70 ಮಾಡಿದೆ. 28 ಬಲ್ಬ್ ಬರಲು ಶುರುವಾಯಿತು, ಗೋಲ್ಡ್ ಮಾತ್ರ 12. ಟರ್ನಿಗೆ 1 ಕಡಿಮೆ. ‘1 ಗೋಲ್ಡ್ ತಾನೇ, ಕೈಯಲ್ಲಿ ಇನ್ನೂ 30 ಇದೆ’ ಅಂದುಕೊಂಡೆ.

ತಮ್ಮ ಹೇಳಿಕೊಟ್ಟದ್ದೂ ಅದನ್ನೇ. ಅವನು ಯಾವಾಗಲೂ ಸೈನ್ಸ್ ಪೂರ್ತಿ ಎಳೆದು, ಖಜಾನೆ ಬರಿದು ಮಾಡಿಕೊಂಡು ಆಡುತ್ತಾನೆ. ‘ರೊಕ್ಕ ಕೂಡಿಟ್ಟು ಏನ್ ಮಾಡ್ತಿ ಅಕ್ಕಾ? ಅದೇನು ಮರಿ ಹಾಕ್ತದೇನು?’ ಅಂತ ಕೇಳುತ್ತಾನೆ. ಅವನ ವಾದಕ್ಕೆ ಬಲ ಇದೆ. ಬೇಗ ಕಲಿತರೆ ಬೇಗ ಲೈಬ್ರರಿ ಕಟ್ಟಬಹುದು. ಲೈಬ್ರರಿ ಇದ್ದ ಊರಿನಲ್ಲಿ ಸೈನ್ಸ್ ಒಂದೂವರೆ ಪಟ್ಟಾಗುತ್ತದೆ. ಆಗ ಇನ್ನೂ ಬೇಗ ಕಲಿಯಬಹುದು. ಗೋಲ್ಡಿಗೆ ಬಡ್ಡಿ ಇಲ್ಲ, ಬಲ್ಬಿಗೆ ಒಂದು ರೀತಿಯಲ್ಲಿ ಇದೆ.

ನಾನು ಪೆಟ್ಟು ತಿಂದದ್ದು ಮೊನಾರ್ಕಿಯಿಂದ ರಿಪಬ್ಲಿಕ್‌ಗೆ ಹೋಗುವಾಗ. ಆಡಳಿತ ಬದಲಿಸಬೇಕೆಂದರೆ ನಡುವೆ ಕೆಲವು ಟರ್ನ್ ಅರಾಜಕತೆ ಇರುತ್ತದೆ. ಎಷ್ಟು ಟರ್ನ್ ಅನ್ನುವುದು ಅದೃಷ್ಟ, 1ರಿಂದ 5ರ ತನಕ. ಆ ಟರ್ನ್‌ಗಳಲ್ಲಿ ಟ್ಯಾಕ್ಸ್ ಸೊನ್ನೆ, ಸೈನ್ಸ್ ಸೊನ್ನೆ, ಲಕ್ಷುರಿ 100. ಬದಲಿಸಲು ಆಗುವುದೇ ಇಲ್ಲ. ನಿರ್ವಹಣೆ ಖರ್ಚು ಮಾತ್ರ ನಿಲ್ಲುವುದಿಲ್ಲ. ಮೊನಾರ್ಕಿಗೆ ಹೋಗುವಾಗ ನನಗೆ 1 ಟರ್ನಿನಲ್ಲೇ ಮುಗಿದಿತ್ತು, ಹಾಗಾಗಿ ಗೊತ್ತೇ ಆಗಿರಲಿಲ್ಲ. ಈ ಸಲ 5 ಬಂತು. ಕೈಯಲ್ಲಿ 9 ಗೋಲ್ಡ್ ಇತ್ತು, ಟರ್ನಿಗೆ ಬೇಕಾದದ್ದು 13.

ಟರ್ನ್ ಮುಗಿಸಿದೆ. ಕೆಳಗಿನ ಸಂದೇಶದ ಕಿಟಕಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಬಂತು. ಸಿಂದಗಿಯ ಬ್ಯಾರಕ್ಸ್ ಮಾರಾಟವಾಗಿದೆ ಅಂತ. ಖರ್ಚಿಗೆ ಗೋಲ್ಡ್ ಇಲ್ಲದಿದ್ದರೆ ಆಟ ಕಟ್ಟಡವನ್ನೇ ಮಾರಿಬಿಡುತ್ತದೆ. ಮಾರಿದ ರೊಕ್ಕದಲ್ಲಿ ಎರಡು ಟರ್ನ್ ನಡೆಯಿತು. ಆಮೇಲೆ ಬಬಲೇಶ್ವರದ ಟೆಂಪಲ್ ಹೋಯಿತು. ಅರಾಜಕತೆ ಇರುವ ತನಕ ಲಕ್ಷುರಿ 100 ಇದ್ದುದರಿಂದ ಜನ ಸುಮ್ನೆ ಇದ್ದರು. ರಿಪಬ್ಲಿಕ್ ಬಂದು, ನಾನು ಖುಷಿಯಿಂದ ಸೈನ್ಸ್ ಏರಿಸಿದ ಮರು ಟರ್ನಿನಲ್ಲೇ ಬಬಲೇಶ್ವರದಲ್ಲಿ ದಂಗೆ ಎದ್ದಿತು. ಟೆಂಪಲ್ ಇಲ್ಲ, ಲಕ್ಷುರಿಯೂ ಇಲ್ಲ, ಜನ ಸಹಿಸುವುದಾದರೂ ಹೇಗೆ? ದಂಗೆ ಎದ್ದ ಊರಿನಿಂದ ಟ್ಯಾಕ್ಸೂ ಬರಲಿಲ್ಲ, ಬಲ್ಬೂ ಬರಲಿಲ್ಲ. ಅದನ್ನು ಅಡಗಿಸಲು ಎಲ್ಲಾ ಊರಿಗೂ ಲಕ್ಷುರಿ 20 ಕೊಡಬೇಕಾಯಿತು. 65 ಗೋಲ್ಡ್ ಕೈಯಲ್ಲಿ ಇದ್ದಿದ್ದರೆ ಇಷ್ಟೆಲ್ಲಾ ಆಗುತ್ತಲೇ ಇರಲಿಲ್ಲ. 13 ಗುಣಿಲೆ 5, ಅಷ್ಟೇ ಲೆಕ್ಕ.

ಆ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಬಹಳ ಹೊತ್ತು ಕೂತೆ. ಯಾಕೆಂದರೆ ಇದೇ ಲೆಕ್ಕವನ್ನು ನಾನು ನಮ್ಮ ವಹಿಯಲ್ಲೂ ತಪ್ಪಿದ್ದೆ. ಮೂರು ವರ್ಷದ ಹಿಂದೆ ಮಣೂಕ ಒಳ್ಳೆಯ ರೇಟಿಗೆ ಹೋಗಿತ್ತು. ಆ ರೊಕ್ಕ ಅಷ್ಟನ್ನೂ ಹೊಸ ಡ್ರಿಪ್ ಲೈನ್, ಫಿಲ್ಟರ್, ಗೊಬ್ಬರ ಬಿಡುವ ಟ್ಯಾಂಕಿಗೆ ಹಾಕಿಸಿದೆವು. ಒಳ್ಳೆಯದಕ್ಕೇ ಹಾಕಿದ್ದು, ಈಗಲೂ ಅದರ ಫಲ ಉಣ್ಣುತ್ತಿದ್ದೇವೆ. ಆದರೆ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಆದ ಮೇಲೆ ಬಿಡದೆ ಮಳೆ ಹಿಡಿಯಿತು. ಎಳೆ ಚಿಗುರಿಗೆ ಡೌನಿ ರೋಗದ ಭಯ. ದಿನ ಬಿಟ್ಟು ದಿನ ಔಷಧಿ ಹೊಡೆಯಬೇಕು, ಕೈಯಲ್ಲಿ ರೊಕ್ಕ ಇಲ್ಲ. ಅಂಗಡಿಯವರು ಉದ್ರಿ ಕೊಟ್ಟರು. ನಗದಿನ ರೇಟೇ ಬೇರೆ, ಉದ್ರಿ ರೇಟೇ ಬೇರೆ. ಆ ವ್ಯತ್ಯಾಸ ವಹಿಯಲ್ಲಿ ಬರೆಯುವಾಗ ನನ್ನ ಕೈ ತಡೆದು ತಡೆದು ಹೋಗಿತ್ತು. ಅಪ್ಪ ಒಂದು ಮಾತೂ ಅನ್ನಲಿಲ್ಲ.

ಎರಡನೇ ಆಟದಲ್ಲಿ ನಾನು ಪೂರ್ತಿ ತಿರುಗಿಬಿದ್ದೆ. ಟ್ಯಾಕ್ಸ್ 60, ಸೈನ್ಸ್ 30. ಖಜಾನೆ 200, 400, 900 ಅಂತ ಏರುವುದನ್ನು ನೋಡುವುದೇ ಒಂದು ಸಮಾಧಾನ. ಅಪ್ಪ ಹಿಂದಿನಿಂದ ಬಗ್ಗಿ ನೋಡಿ, ‘ಅಷ್ಟು ರೊಕ್ಕ ಯಾತಕ್ಕ ಇಟ್ಟೀ ಯವ್ವಾ?’ ಅಂತ ಕೇಳಿದರು. ಉತ್ತರ ನನ್ನ ಬಳಿ ಇರಲಿಲ್ಲ. ‘ಇರಲಿ ಅಂತ ಅಪ್ಪಾ’ ಅಂದೆ. ಸ್ವಲ್ಪ ದಿನಕ್ಕೆ ನೆರೆ ರಾಜ್ಯದವನು ಕಲ್ಲು ತೂರುವ ಯಂತ್ರ ಕ್ಯಾಟಪಲ್ಟ್ ತಂದು ಇಂಡಿಯ ಮುಂದೆ ನಿಲ್ಲಿಸಿದ. ನನ್ನ ಕಾವಲಿನ ಈಟಿ ಪಡೆ, ಫ್ಯಾಲಾಂಕ್ಸ್, ತಾಳಲಿಲ್ಲ. ಊರು ಹೋಯಿತು. ಊರು ಗೆದ್ದವರಿಗೆ ಸೋತವರ ಖಜಾನೆಯಲ್ಲಿ ಒಂದು ಪಾಲು ಸಿಗುತ್ತದೆ, ಖಜಾನೆ ದೊಡ್ಡದಿದ್ದಷ್ಟೂ ಹೋಗುವ ಪಾಲೂ ದೊಡ್ಡದು. ನನ್ನಿಂದ 58 ಗೋಲ್ಡ್ ಹೋಯಿತು. ಅದಕ್ಕಿಂತ ಹೊಟ್ಟೆ ಉರಿದದ್ದು, ಕ್ಯಾಟಪಲ್ಟಿಗೆ ಬೇಕಾದ ಮ್ಯಾಥಮ್ಯಾಟಿಕ್ಸ್ ಅನ್ನು ನಾನಿನ್ನೂ ಕಲಿತೇ ಇರಲಿಲ್ಲ ಅನ್ನುವುದಕ್ಕೆ. ಸೈನ್ಸ್ 30ರಲ್ಲಿ ಕಳೆದ ಆ 40 ಟರ್ನ್‌ಗಳನ್ನು 900 ಗೋಲ್ಡ್ ಕೊಟ್ಟರೂ ವಾಪಸ್ ಕೊಳ್ಳಲು ಆಗುವುದಿಲ್ಲ.

ಎರಡು ಸಲ ಸೋತ ಮೇಲೆ ಆಟದ ಲೆಕ್ಕವನ್ನು ಸರಿಯಾಗಿ ಕೂತು ಓದಿದೆ. ಗೋಲ್ಡ್ ಕೊಟ್ಟು ಕಟ್ಟಡವನ್ನು ಕೂಡಲೇ ಮುಗಿಸಬಹುದು, ಮುಂದಿನ ಟರ್ನಿಗೆ ಸಿದ್ಧವಾಗಿರುತ್ತದೆ. ಅದರ ಬೆಲೆ ಹೀಗಿದೆ. ಕಟ್ಟುವ ಕೆಲಸವನ್ನು ಶೀಲ್ಡ್ ಲೆಕ್ಕದಲ್ಲಿ ಎಣಿಸುತ್ತಾರೆ. ಬಾಕಿ ಉಳಿದ ಶೀಲ್ಡ್ ಎಷ್ಟೋ ಅದರ ಎರಡು ಪಟ್ಟು. ಅದಕ್ಕೆ ಬಾಕಿಯ ವರ್ಗವನ್ನು 20ರಿಂದ ಭಾಗಿಸಿ ಕೂಡಿಸಬೇಕು. ಇನ್ನೂ ಒಂದು ಶೀಲ್ಡೂ ಬಿದ್ದಿಲ್ಲ ಅಂದರೆ ಮೊತ್ತ ಡಬಲ್. 60 ಶೀಲ್ಡಿನ ಕಟ್ಟಡವನ್ನು ಶುರುಮಾಡಿದ ಟರ್ನಿನಲ್ಲೇ ಕೊಳ್ಳಲು ಹೋದರೆ 120ಕ್ಕೆ 180 ಸೇರಿ 300, ಡಬಲ್ ಆಗಿ 600 ಗೋಲ್ಡ್. ಅರ್ಧ ಕಟ್ಟುವ ತನಕ ತಡೆದು, 30 ಬಾಕಿ ಇದ್ದಾಗ ಕೊಂಡರೆ 60ಕ್ಕೆ 45 ಸೇರಿ 105. ಬರೀ 10 ಬಾಕಿ ಇದ್ದರೆ 25. ಅದೇ ಕಟ್ಟಡ, 600ಕ್ಕೂ ಸಿಗುತ್ತದೆ, 25ಕ್ಕೂ ಸಿಗುತ್ತದೆ!

ಇದನ್ನು ತಿಳಿದ ಮೇಲೆ ಕೂಡಿಟ್ಟ ಗೋಲ್ಡನ್ನು ನಾನು ನೋಡುವ ರೀತಿಯೇ ಬದಲಾಯಿತು. ಲೈಬ್ರರಿಗಳನ್ನು ಐದು ಊರಿನಲ್ಲಿ ಒಟ್ಟಿಗೆ ಶುರುಮಾಡುತ್ತೇನೆ. ಎಲ್ಲವೂ ಅರ್ಧ ದಾಟಿದಾಗ ಒಂದೊಂದಾಗಿ ಕೊಂಡು ಮುಗಿಸುತ್ತೇನೆ. ಅದಕ್ಕೆ ಮುಂಚಿನ ಆರೇಳು ಟರ್ನ್ ಟ್ಯಾಕ್ಸ್ ಏರಿಸಿ ಗೋಲ್ಡ್ ಕೂಡಿಸಿರುತ್ತೇನೆ. ಲೈಬ್ರರಿ ಇಲ್ಲದ ದಿನಗಳಲ್ಲಿ ಟ್ಯಾಕ್ಸ್ ಜಾಸ್ತಿ, ಲೈಬ್ರರಿ ನಿಂತ ಕೂಡಲೇ ಸೈನ್ಸ್ ಜಾಸ್ತಿ. ಹೇಗೂ ಪಾಲು ಬದಲಿಸಲು ಖರ್ಚಿಲ್ಲ ಅಲ್ವಾ, ಹಾಗಿದ್ದ ಮೇಲೆ ಒಂದೂವರೆ ಪಟ್ಟು ಬರುವ ದಿನಕ್ಕೇ ಸೈನ್ಸ್ ಇಡುವುದು ಜಾಣತನ. ತಮ್ಮನ ಹಾಗೆ ಮೊದಲ ದಿನದಿಂದ ಪೂರ್ತಿ ಎಳೆದರೆ ಶುರುವಿನಲ್ಲಿ ಮುಂದೆ ಹೋಗುತ್ತೇವೆ, ನಿಜ. ಆದರೆ ಕಟ್ಟಡಗಳೆಲ್ಲ ಆಮೆಯ ಹಾಗೆ ಏಳುತ್ತವೆ. ಮಾರ್ಕೆಟ್‌ಪ್ಲೇಸ್ ವಿಷಯದಲ್ಲಿ ಇದರ ಉಲ್ಟಾ. ಅದು ಟ್ಯಾಕ್ಸನ್ನೂ ಲಕ್ಷುರಿಯನ್ನೂ ಒಂದೂವರೆ ಪಟ್ಟು ಮಾಡುತ್ತದೆ. ನಾನು ವ್ಯಾಪಾರ ಜಾಸ್ತಿ ಇರುವ ದಂಡೆಯ ಊರಿನಲ್ಲಿ ಅದನ್ನು ಮೊದಲು ಕಟ್ಟುತ್ತೇನೆ.

ಈ ಆಟದಲ್ಲಿ ನನಗೆ ತುಂಬಾ ಇಷ್ಟವಾದದ್ದು ಎಫ್5 ಕೀಲಿ. ಅದನ್ನು ಒತ್ತಿದರೆ ಆರ್ಥಿಕ ವರದಿ ತೆರೆಯುತ್ತದೆ. ಯಾವ ಕಟ್ಟಡ ಎಷ್ಟಿವೆ, ಒಂದಕ್ಕೆ ಎಷ್ಟು ಖರ್ಚು, ಒಟ್ಟು ಎಷ್ಟು ಅಂತ ಸಾಲಾಗಿ ಬರೆದಿರುತ್ತದೆ. ನಮ್ಮ ಉದ್ದನೆಯ ಕೆಂಪು ವಹಿ ತೆರೆದ ಹಾಗೇ ಅನ್ನಿಸುತ್ತದೆ. ಹತ್ತು ಟರ್ನಿಗೊಮ್ಮೆ ಎಫ್5 ಒತ್ತಿ, ನಿರ್ವಹಣೆಯ ಮೊತ್ತವನ್ನು 5ರಿಂದ ಗುಣಿಸುತ್ತೇನೆ. ಆಡಳಿತ ಬದಲಿಸುವ ಯೋಚನೆ ಇದ್ದರೆ ಅಷ್ಟು ಗೋಲ್ಡ್ ಬದಿಗಿಡುತ್ತೇನೆ. ನೆರೆಯವನ ಹಡಗು ಕಂಡರೆ ಗಡಿಯ ಊರಿನ ಕೋಟೆ ಗೋಡೆಯನ್ನು ಅರ್ಧ ಕಟ್ಟಿ ಬಿಟ್ಟು, ಅದನ್ನು ಮುಗಿಸಲು ಬೇಕಾದ 100 ಚಿಲ್ಲರೆ ಗೋಲ್ಡ್ ಸೇರಿಸುತ್ತೇನೆ. ಇದಕ್ಕಿಂತ ಜಾಸ್ತಿ ಇದ್ದರೆ ಅದು ಆ ಟರ್ನಿನಲ್ಲೇ ಖರ್ಚಾಗಬೇಕು. ಈಗ ಅಪ್ಪ ಯಾತಕ್ಕೆ ಇಟ್ಟೀ ಅಂತ ಕೇಳಿದರೆ, ಇಷ್ಟು ಇದಕ್ಕೆ, ಇಷ್ಟು ಅದಕ್ಕೆ ಅಂತ ಬೆರಳು ಮಡಚಿ ಹೇಳಬಲ್ಲೆ.

ಒಂದು ಪುಟ್ಟ ಸಂತೋಷವನ್ನೂ ಹೇಳಬೇಕು. ಸಮುದ್ರದ ಕಡೆಯಿಂದ ಆಗಾಗ ದರೋಡೆಕೋರರು ಬಂದಿಳಿಯುತ್ತಾರೆ. ಅವರ ಜೊತೆ ಒಬ್ಬ ನಾಯಕ ಇರುತ್ತಾನೆ. ಅವನು ಒಬ್ಬನೇ ಇದ್ದಾಗ ಹಿಡಿದರೆ 100 ಗೋಲ್ಡ್ ಒತ್ತೆ ಹಣ ಸಿಗುತ್ತದೆ. ಮೂರನೇ ಆಟದಲ್ಲಿ ಇಂಡಿಯ ಹತ್ತಿರ ನನ್ನ ಕುದುರೆ ಸವಾರ ಅವನನ್ನು ಹಿಡಿದ. ನಡುರಾತ್ರಿ ಎರಡು ಗಂಟೆ, ಶೆಡ್ಡಿನಲ್ಲಿ ಕೂತು ಒಬ್ಬಳೇ ಚಪ್ಪಾಳೆ ಹೊಡೆದೆ. ಅದೇ ಗೋಲ್ಡಿನಿಂದ ಮುದ್ದೇಬಿಹಾಳದ ಲೈಬ್ರರಿ ಮುಗಿಯಿತು.

ಕೊರತೆಗಳೂ ಇವೆ. ಚಿತ್ರಗಳು ಹಳೆಯ ಕಾಲದವು, ಸಂಗೀತ ಅಂತ ಮನಸ್ಸಿನಲ್ಲಿ ಉಳಿಯುವಂಥದ್ದು ಏನಿಲ್ಲ. ಹೊಸಬರ ಕೈ ಹಿಡಿದು ನಡೆಸುವುದು ಕಡಿಮೆ. ಅರಾಜಕತೆಗೆ ಕೈ ಹಾಕುವಾಗ, ‘ನಿಮ್ಮ ಖರ್ಚು ಇಷ್ಟು, ಕೈಯಲ್ಲಿ ಇರುವುದು ಇಷ್ಟು’ ಅಂತ ಒಂದು ಮಾತು ಎದುರಿಗೇ ತೋರಿಸಿದ್ದರೆ ಎಷ್ಟು ಚೆನ್ನಾಗಿತ್ತು! ನಾನು ಆಡುವುದು ಇಂಗ್ಲಿಷಿನಲ್ಲಿ. ಅವ್ವನಿಗೆ ಆಡುವ ಆಸೆ ಇದೆ, ಆದರೆ ಪ್ರತಿ ಸಾಲನ್ನೂ ನಾನು ಓದಿ ಹೇಳಬೇಕು. ನಕ್ಷೆ ದೊಡ್ಡದಿದ್ದರೆ ಕೊನೆಕೊನೆಗೆ ಒಂದು ಟರ್ನ್ ಮುಗಿಸಲು ಅರ್ಧ ಗಂಟೆ ಬೇಕಾಗುತ್ತದೆ. ಅಷ್ಟು ಪುರುಸೊತ್ತು ಇಲ್ಲದವರು ಸಣ್ಣ ನಕ್ಷೆ ಆರಿಸಿಕೊಳ್ಳಿ.

ತಮ್ಮನ ಫೋನಿನಲ್ಲಿ ಬ್ಯಾಟಲ್ ಆಫ್ ಪಾಲಿಟೋಪಿಯಾ ಇದೆ, ಅದನ್ನೂ ಆಡಿ ನೋಡಿದೆ. ಅಂದದ ಆಟ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅಲ್ಲಿ ಪಾಲು ಮಾಡುವುದಿಲ್ಲ, ಇರುವುದು ಒಂದೇ ಚೀಲ. ಅದರ ನಕ್ಷತ್ರಗಳಿಂದಲೇ ಸೈನಿಕರನ್ನೂ ಕೊಳ್ಳಬೇಕು, ವಿದ್ಯೆಯನ್ನೂ ಕೊಳ್ಳಬೇಕು. ಊರು ಹೆಚ್ಚಿದಷ್ಟೂ ವಿದ್ಯೆ ತುಟ್ಟಿಯಾಗುತ್ತದೆ. ಒಂದೇ ಊರು ಇದ್ದಾಗ ಮೊದಲ ಹಂತದ ವಿದ್ಯೆಗೆ 5 ನಕ್ಷತ್ರ, ಮೂರು ಊರಾದರೆ 7. ಹಾಗಾಗಿ ಊರು ಗೆಲ್ಲುವ ಹಿಂದಿನ ಟರ್ನಿನಲ್ಲೇ ಕಲಿಯಬೇಕಾದ್ದನ್ನು ಕಲಿತುಬಿಡಬೇಕು. ಅದೂ ಒಳ್ಳೆಯ ಲೆಕ್ಕವೇ. ಆದರೆ ಪ್ರತಿ ಟರ್ನ್ ಕೈ ಖಾಲಿ ಮಾಡುವ ಅಭ್ಯಾಸ ಆಗುತ್ತದೆ. ನಿರ್ವಹಣೆ ಖರ್ಚು ಅನ್ನುವುದೇ ಇಲ್ಲದ ಕಡೆ ಉಳಿಸುವುದು ಯಾಕೆ? ವರ್ಷಕ್ಕೊಮ್ಮೆ ರೊಕ್ಕ ಬಂದು ವರ್ಷವಿಡೀ ಹೋಗುತ್ತಿರುವ ಮನೆಯಲ್ಲಿ ಹುಟ್ಟಿದ ನನಗೆ ಫ್ರೀಸಿವ್ ಹತ್ತಿರದ್ದು ಅನ್ನಿಸಿತು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಶುರುಮಾಡುವವರು ಸಣ್ಣ ನಕ್ಷೆ, ಮೂವರು ಎದುರಾಳಿ, ಈಸಿ ಹಂತ ಇಟ್ಟುಕೊಳ್ಳಿ. ಮೊದಲ 50 ಟರ್ನ್ ಡೆಸ್ಪಾಟಿಸಂನಲ್ಲಿ ಸೈನ್ಸ್ 60, ಟ್ಯಾಕ್ಸ್ 40 ಇಟ್ಟು, ಖಜಾನೆ ಯಾವ ಕಡೆ ವಾಲುತ್ತದೆ ಅಂತ ಬರೀ ನೋಡಿ. ಪಕ್ಕದಲ್ಲಿ ಒಂದು ನೋಟ್ ಪುಸ್ತಕ, ಪೆನ್ನು ಇರಲಿ.

ನನ್ನ ನಾಲ್ಕನೇ ಆಟ ಈಗ ನಡೆಯುತ್ತಿದೆ. ಮೊನಾರ್ಕಿ, ಆರು ಊರು, ನಿರ್ವಹಣೆ 17. ಖಜಾನೆಯಲ್ಲಿ 71 ಇದೆ. 85 ಆಗುವ ತನಕ ಟ್ಯಾಕ್ಸ್ ಇಳಿಸುವುದಿಲ್ಲ, ಆಮೇಲೆ ರಿಪಬ್ಲಿಕ್. ನಮ್ಮ ವಹಿಯಲ್ಲೂ ಈ ವರ್ಷ ಅಕ್ಟೋಬರ್ ಚಾಟ್ನಿಯ ಔಷಧಿಗೆ ಬೇರೆಯೇ ಒಂದು ಪುಟ ತೆಗೆದಿದ್ದೇನೆ. ಅಪ್ಪ ಅದರ ಮೇಲೆ ತಮ್ಮ ಕೈಯಿಂದಲೇ ‘ಇದನ್ನು ಮುಟ್ಟಬಾರದು’ ಅಂತ ಬರೆದಿದ್ದಾರೆ.